ಆಟ ಉಳಿಯಲಿ, ಬಾಜಿ ತೊಲಗಲಿ

(ಮಠದ ಮಾಸಿಕ ಅನುಭಾವಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ವಿಡಿಯೊ ಗೇಮ್ ಪಂದ್ಯಗಳ ಮೇಲೆ ಹಣ ಕಟ್ಟುವುದರ ಬಗ್ಗೆ ಮಾತನಾಡಬೇಕೆಂದು ಪೂಜ್ಯರು ಅಪ್ಪಣೆ ಕೊಟ್ಟಿದ್ದಾರೆ. 'ಜವಾಬ್ದಾರಿಯಿಂದ ಬೆಟ್ಟಿಂಗ್ ಆಡಿ' ಎಂಬ ಮಾತು ಈಗ ಜಾಹೀರಾತುಗಳಲ್ಲಿ ಕೇಳಿಬರುತ್ತದೆ. ಆ ಮಾತಿಗೆ ಅರ್ಥ ಇದೆಯೇ, ಇದ್ದರೆ ಎಷ್ಟು ಎಂಬುದೇ ಇಂದಿನ ಪ್ರಶ್ನೆ. ನಾನು ಪದವಿ ಕಾಲೇಜಿನ ಗಣಿತದ ಮೇಷ್ಟ್ರು. ನೀತಿ ಹೇಳಲು ನನಗಿಂತ ಬಲ್ಲವರು ಈ ಸಭೆಯಲ್ಲಿದ್ದಾರೆ. ನಾನು ಲೆಕ್ಕ ಹೇಳುತ್ತೇನೆ.

ಮೊದಲು ಹಿರಿಯರಿಗೆ ಒಂದು ಮಾತು. ಮಕ್ಕಳು ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ಆಡುವ ಆಟವೆಲ್ಲ ಜೂಜಲ್ಲ. ಕೌಂಟರ್ ಸ್ಟ್ರೈಕ್, ಡೋಟಾ, ವ್ಯಾಲರಂಟ್, ಬಿಜಿಎಂಐ ಮೊದಲಾದ ಆಟಗಳಲ್ಲಿ ತಂಡ ಕಟ್ಟಿಕೊಂಡು ಸ್ಪರ್ಧಿಸುವುದಕ್ಕೆ ಇ–ಸ್ಪೋರ್ಟ್ಸ್ ಎನ್ನುತ್ತಾರೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಇದನ್ನು ಪ್ರದರ್ಶನ ಕ್ರೀಡೆಯಾಗಿ ಆಡಿಸಿದರು. ನಮ್ಮ ದೇಶದ ತೀರ್ಥ ಮೆಹ್ತಾ ಅಲ್ಲಿ ಕಂಚು ಗೆದ್ದರು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್ ಹೊತ್ತಿಗೆ ಅದು ಪದಕದ ಕ್ರೀಡೆಯೇ ಆಯಿತು. ಹಾಗಾಗಿ ಮಗ ಆಟ ನೋಡುತ್ತಿದ್ದಾನೆ ಎಂದ ಮಾತ್ರಕ್ಕೆ ಕೆಟ್ಟ ಎಂದು ಕೂಗಾಡಬೇಡಿ. ಕುಸ್ತಿ ಬೇರೆ, ಕುಸ್ತಿಯ ಮೇಲೆ ಬಾಜಿ ಕಟ್ಟುವುದು ಬೇರೆ. ಈ ಭೇದ ನಮಗೆ ಗೊತ್ತಿದೆ ಎಂದು ತಿಳಿದರೆ ಮಾತ್ರ ಮಗ ನಮ್ಮ ಮಾತಿಗೆ ಕಿವಿ ಕೊಡುತ್ತಾನೆ.

ಈಗ ಬಾಜಿಯ ಲೆಕ್ಕಕ್ಕೆ ಬರೋಣ. ಎರಡು ಸಮಬಲದ ತಂಡಗಳು ಎಂದು ಇಟ್ಟುಕೊಳ್ಳಿ. ಯಾರಾದರೂ ಗೆಲ್ಲಬಹುದು. ನ್ಯಾಯವಾಗಿ 100 ರೂಪಾಯಿ ಕಟ್ಟಿ ಗೆದ್ದವನಿಗೆ 200 ಸಿಗಬೇಕು. ಆದರೆ ಬೆಟ್ಟಿಂಗ್ ತಾಣದಲ್ಲಿ ಎರಡೂ ತಂಡಗಳ ಎದುರು ಬರೆದ ದರ 1.90. ಅಂದರೆ ಗೆದ್ದರೆ 190. ಒಬ್ಬ ಈ ತಂಡಕ್ಕೆ 100, ಇನ್ನೊಬ್ಬ ಆ ತಂಡಕ್ಕೆ 100 ಕಟ್ಟಿದ. ಅಂಗಡಿಯವನಿಗೆ ಬಂದದ್ದು 200, ಕೊಟ್ಟದ್ದು 190. ಯಾವ ತಂಡ ಗೆದ್ದರೂ 10 ರೂಪಾಯಿ ಅವನದು. ಹಬ್ಬದ ದಿನ ಇಸ್ಪೀಟಿನ ಅಡ್ಡೆ ನಡೆಸುವವನೂ ಪ್ರತಿ ಆಟಕ್ಕೆ ತನ್ನ ಪಾಲು ಎತ್ತಿಟ್ಟುಕೊಳ್ಳುತ್ತಿದ್ದ. ಇದು ಅದೇ ಲೆಕ್ಕ. ತಿಂಗಳಿಗೆ 20 ಪಂದ್ಯಕ್ಕೆ ನೂರು ನೂರು ಕಟ್ಟಿದರೆ, ಸರಾಸರಿಯಲ್ಲಿ ಒಂದು ಪೂರ್ತಿ ನೂರು ಅವನ ಪೆಟ್ಟಿಗೆಗೆ ಹೋಗುತ್ತದೆ. ಒಂದು ತಿಂಗಳು ನೀವು ಗೆಲ್ಲಬಹುದು. ವರ್ಷಗಟ್ಟಲೆ ಆಡಿದರೆ ಅವನ ಪಾಲೇ ಗೆಲ್ಲುತ್ತದೆ.

ಇಷ್ಟೇ ಆಗಿದ್ದರೆ ಸಿನಿಮಾಕ್ಕೆ ಹೋದ ಖರ್ಚಿನಂತೆ ಎಂದು ಬಿಡಬಹುದಿತ್ತು. ಮನೆ ಮುರಿಯುವುದು ಆ ನೂರರಿಂದಲ್ಲ, ಸೋತದ್ದನ್ನು ವಾಪಸು ತರುತ್ತೇನೆ ಎಂಬ ಹಟದಿಂದ. 100 ಸೋತ, 200 ಕಟ್ಟಿದ. ಅದೂ ಹೋಯಿತು, 400. ಆಮೇಲೆ 800, 1,600, 3,200. ಆರು ಸಲ ಸೋಲುವಷ್ಟರಲ್ಲಿ ಹೋದದ್ದು 6,300 ರೂಪಾಯಿ. ಏಳನೆಯ ಸಲ 6,400 ಕಟ್ಟಿ ಗೆದ್ದ ಅನ್ನಿ. 1.90ರ ದರದಲ್ಲಿ ಲಾಭ 5,760. ಗೆದ್ದ ಮೇಲೂ 540 ರೂಪಾಯಿ ನಷ್ಟ! ಸತತ ಆರು ಸೋಲು ಅಪರೂಪ ಎನ್ನಬೇಡಿ. ಸಮಬಲದ ಪಂದ್ಯಗಳಲ್ಲಿ ಅದು 64ರಲ್ಲಿ ಒಂದು ಸಲ. ದಿನಕ್ಕೊಂದು ಸರಣಿ ಆಡುವವನಿಗೆ ಎರಡು ತಿಂಗಳಿಗೊಮ್ಮೆ ಬಂದೇ ಬರುವ ಅತಿಥಿ.

'ಐದು ಸಲ ಸೋತಿದ್ದೇನೆ, ಆರನೆಯದು ನನ್ನದೇ' ಎಂಬುದು ಆಡುವವರ ನಂಬಿಕೆ. ಪಂದ್ಯಕ್ಕೆ ನಿಮ್ಮ ಹಿಂದಿನ ಸೋಲು ನೆನಪಿರುವುದಿಲ್ಲ. ರಾಹುಕಾಲ, ಗುಳಿಕಕಾಲ ಬಿಟ್ಟವರು ನಾವು. ಪಂಚಾಂಗ ನೋಡದೆ ಕಲ್ಯಾಣ ಮಹೋತ್ಸವ ಮಾಡುವವರು. ಆದರೆ ಅದೇ ಮನೆಯ ಹುಡುಗ 'ಇವತ್ತು ನನ್ನ ಲಕ್ ಚೆನ್ನಾಗಿದೆ' ಎಂದು ಹಣ ಕಟ್ಟಿದರೆ, ಹಿಂಬಾಗಿಲಿನಿಂದ ಜ್ಯೋತಿಷ್ಯ ಒಳಗೆ ಬಂದಂತೆಯೇ.

ಈ ಹೊಸ ಜ್ಯೋತಿಷ್ಯಕ್ಕೆ ಹೊಸ ಜ್ಯೋತಿಷಿಗಳೂ ಇದ್ದಾರೆ. ಟೆಲಿಗ್ರಾಂ ಗುಂಪುಗಳಲ್ಲಿ 'ಖಚಿತ ಟಿಪ್ಸ್' ಮಾರುತ್ತಾರೆ. ಅವರ ಉಪಾಯ ಕೇಳಿ. 1,024 ಜನರ ನಂಬರ್ ಇಟ್ಟುಕೊಂಡು, ಅರ್ಧ ಜನಕ್ಕೆ 'ಈ ತಂಡ ಗೆಲ್ಲುತ್ತದೆ' ಎಂದೂ ಉಳಿದ ಅರ್ಧಕ್ಕೆ 'ಆ ತಂಡ' ಎಂದೂ ಸಂದೇಶ ಕಳಿಸುತ್ತಾರೆ. ತಪ್ಪು ಹೋದವರನ್ನು ಬಿಟ್ಟು, ಉಳಿದ 512 ಜನಕ್ಕೆ ಮತ್ತೆ ಹಾಗೆಯೇ. ಆಮೇಲೆ 256, 128, 64, ಕೊನೆಗೆ 32. ಈ 32 ಜನ ಸತತ ಐದು ಸಲ ನಿಜವಾದ ಭವಿಷ್ಯ ಕಂಡಿರುತ್ತಾರೆ. ಆರನೆಯದಕ್ಕೆ ಹಣ ಕೇಳಿದರೆ ಕೊಡದೆ ಇರುತ್ತಾರೆಯೇ? ಹೇಳಿದವನಿಗೆ ಆಟದ ಗಂಧವೂ ಗೊತ್ತಿರಬೇಕಾಗಿಲ್ಲ.

'ಸರ್, ನಮಗೆ ಆಟ ಗೊತ್ತು, ತಂಡಗಳು ಗೊತ್ತು' ಎಂದು ವಿದ್ಯಾರ್ಥಿಗಳು ನನ್ನೊಡನೆ ವಾದಿಸುತ್ತಾರೆ. ಗೊತ್ತಿರಬಹುದು. ಆದರೆ ಪರದೆಯ ಹಿಂದಿನದು ಗೊತ್ತಿರುವುದಿಲ್ಲ. ಒಂದು ತಂಡ ಇನ್ನೊಂದರ ನಡೆಯನ್ನು ಕದ್ದು ನೋಡಬಾರದೆಂದು ದೊಡ್ಡ ಪಂದ್ಯಗಳ ಪ್ರಸಾರವನ್ನು ಬೇಕೆಂದೇ ತಡವಾಗಿ ಬಿಡುತ್ತಾರೆ. ಪಂದ್ಯ ನಡೆಯುತ್ತಿರುವಾಗಲೇ ನೀವು ಹಣ ಕಟ್ಟಿದರೆ, ಆಗಿಹೋದದ್ದರ ಮೇಲೆ ಕಟ್ಟುತ್ತಿದ್ದೀರಿ; ಒಳಗಿದ್ದವನಿಗೆ ಫಲಿತಾಂಶ ಮೊದಲೇ ಗೊತ್ತು.

ಆಟಗಾರರೇ ಮಾರಾಟವಾದ ಉದಾಹರಣೆಗಳೂ ಉಂಟು. 2014ರ ಆಗಸ್ಟ್‌ನಲ್ಲಿ ಅಮೆರಿಕದ ಐಬೈಪವರ್ ಎಂಬ ಬಲಿಷ್ಠ ಕೌಂಟರ್ ಸ್ಟ್ರೈಕ್ ತಂಡ ತನಗಿಂತ ದುರ್ಬಲ ತಂಡದ ಎದುರು 16–4ರಿಂದ ಸೋತಿತು. ಬೇಕೆಂದೇ ಸೋತದ್ದು ಎಂಬುದು ಆಮೇಲೆ ಬಯಲಾಯಿತು. ಅಲ್ಲಿ ಬಾಜಿಗಿಟ್ಟದ್ದು ನೋಟುಗಳನ್ನಲ್ಲ, ಆಟದೊಳಗಿನ ಬಣ್ಣಬಣ್ಣದ ಆಯುಧಗಳನ್ನು. ಅವಕ್ಕೆ 'ಸ್ಕಿನ್' ಎನ್ನುತ್ತಾರೆ, ಮಾರಿದರೆ ನಿಜವಾದ ಹಣ ಬರುತ್ತದೆ. ಆಟದ ಒಡೆತನದ ವಾಲ್ವ್ ಕಂಪನಿ 2015ರ ಜನವರಿಯಲ್ಲಿ ಏಳು ಜನರನ್ನು ತನ್ನ ಟೂರ್ನಿಗಳಿಂದ ಹೊರಹಾಕಿತು. ದಕ್ಷಿಣ ಕೊರಿಯಾದ ಲೀ ಸುಂಗ್‌ಹ್ಯುನ್ 17ನೇ ವಯಸ್ಸಿಗೇ, 2014ರಲ್ಲಿ, ಸ್ಟಾರ್‌ಕ್ರಾಫ್ಟ್–2 ಆಟದ ವಿಶ್ವಕಿರೀಟ ಗೆದ್ದ ಪ್ರತಿಭೆ. ಮರುವರ್ಷ ಹಣ ಪಡೆದು ಪಂದ್ಯ ಸೋತ. 2016ರಲ್ಲಿ ನ್ಯಾಯಾಲಯ 18 ತಿಂಗಳ ಸಜೆಯನ್ನು ಅಮಾನತಿನಲ್ಲಿಟ್ಟು 7 ಕೋಟಿ ವಾನ್ ದಂಡ ಹಾಕಿತು. ಅವನ ಆಟದ ಬದುಕು ಅಲ್ಲಿಗೆ ಮುಗಿಯಿತು. ಬಾಜಿ ಕಟ್ಟಿದವನ ಮನೆ ಮಾತ್ರವಲ್ಲ, ಆಡಿದವನ ಮನೆಯೂ ಉರಿಯುತ್ತದೆ.

ಈಗ 'ಜವಾಬ್ದಾರಿ' ಎಂಬ ಮಾತಿಗೆ ಬರುತ್ತೇನೆ. ನನ್ನ ವಿದ್ಯಾರ್ಥಿಯೊಬ್ಬ ಕೆಲವು ವಾರ ತರಗತಿಗೆ ಬರಲಿಲ್ಲ. ಕರೆಸಿ ಕೇಳಿದೆ. ಅಪ್ಪ ತೊಗರಿ ಮಾರಿ ಕಳಿಸಿದ್ದ ಹಾಸ್ಟೆಲ್ ಫೀಸು, ಪರೀಕ್ಷಾ ಫೀಸು ಎರಡೂ ಹೋಗಿದ್ದವು. ಸಾಲ ತೀರಿಸಲು ತನ್ನ ಬ್ಯಾಂಕ್ ಖಾತೆಯನ್ನೇ ಯಾರಿಗೋ ಬಾಡಿಗೆಗೆ ಕೊಟ್ಟಿದ್ದ. ಅದರಲ್ಲಿ ಯಾರ್ಯಾರದೋ ಹಣ ಓಡಾಡಿ, ಬ್ಯಾಂಕು ಖಾತೆಯನ್ನು ತಡೆಹಿಡಿದಿತ್ತು. ಬೈಯುವುದಕ್ಕೆ ನನಗೆ ಬಾಯಿ ಬರಲಿಲ್ಲ. ಏಕೆಂದರೆ ಅವನು ಹೇಳಿದ್ದು ಇಷ್ಟು: "ಸರ್, ನಾನು ಲಿಮಿಟ್ ಇಟ್ಕೊಂಡೇ ಆಡ್ತಿದ್ದೆ. ದಿನಕ್ಕೆ 200 ಅಂತ."

ಸುಳ್ಳಾಡಿರಲಿಲ್ಲ ಹುಡುಗ. ಬೇಲಿ ಹಾಕಿದ್ದ. ಆದರೆ ಬೇಲಿ ಕಾಯುವವನೂ ಹಾರುವವನೂ ಒಬ್ಬನೇ ಆಗಿದ್ದ. ನನ್ನ ಇಂದಿನ ಮಾತಿನ ತಿರುಳು ಇದೇ: ಬೀಗದ ಕೈ ಇನ್ನೊಬ್ಬರ ಹತ್ತಿರ ಇದ್ದಾಗ ಮಾತ್ರ 'ಜವಾಬ್ದಾರಿ' ಎಂಬ ಮಾತಿಗೆ ಬಲ ಬರುತ್ತದೆ.

ಬೆಟ್ಟಿಂಗಿಗೆ ಪರವಾನಗಿ ಕೊಟ್ಟಿರುವ ದೇಶಗಳು ಇದನ್ನು ಪೆಟ್ಟು ತಿಂದು ಕಲಿತಿವೆ. ಬ್ರಿಟನ್ 2020ರ ಏಪ್ರಿಲ್‌ನಿಂದ ಕ್ರೆಡಿಟ್ ಕಾರ್ಡಿನಲ್ಲಿ ಜೂಜಾಡುವುದನ್ನು ನಿಲ್ಲಿಸಿತು. ಅಲ್ಲಿ ಗ್ಯಾಮ್‌ಸ್ಟಾಪ್ ಎಂಬ ವ್ಯವಸ್ಥೆಯಲ್ಲಿ ಒಮ್ಮೆ ಹೆಸರು ಬರೆಸಿದರೆ, ಪರವಾನಗಿ ಪಡೆದ ಯಾವ ಆನ್‌ಲೈನ್ ತಾಣವೂ ಆ ವ್ಯಕ್ತಿಯನ್ನು ಒಳಗೆ ಬಿಡುವಂತಿಲ್ಲ. ಆಸ್ಟ್ರೇಲಿಯಾದಲ್ಲಿ 2023ರ ಆಗಸ್ಟ್‌ನಿಂದ ಬೆಟ್‌ಸ್ಟಾಪ್ ಎಂಬ ಇಂಥದೇ ವ್ಯವಸ್ಥೆ ಇದೆ. ಆ ದೇಶಗಳಲ್ಲಿ ಓದುತ್ತಿರುವ, ದುಡಿಯುತ್ತಿರುವ ನಮ್ಮ ಮಕ್ಕಳಿಗೆ ಇದು ತಿಳಿದಿರಲಿ. ಸಾಲದ ಹಣ ಕಟ್ಟಬಾರದು, ಸೋಲಿನ ಬೆನ್ನು ಹತ್ತಬಾರದು, ತಾನೋ ಗೆಳೆಯನೋ ಆಡುವ ಪಂದ್ಯಕ್ಕೆ ಕಟ್ಟಬಾರದು, ಪ್ರತಿ ಪೈಸೆಯನ್ನೂ ಬರೆದಿಡಬೇಕು, ಕೈ ಮೀರುವ ಮೊದಲೇ ಹೆಸರು ಬರೆಸಿ ಬಾಗಿಲು ಹಾಕಿಸಬೇಕು. ಕಾನೂನು ಒಪ್ಪುವ ಕಡೆ ಜವಾಬ್ದಾರಿ ಎಂದರೆ ಕನಿಷ್ಠ ಇಷ್ಟು.

ನಮ್ಮಲ್ಲಿ ಏನಿದೆ? ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. ಆಮೇಲೆ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಮಾಡಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದು ನಾನು ಆರಂಭದಲ್ಲಿ ಹೇಳಿದ ಭೇದವನ್ನೇ ಮಾಡಿದೆ. ಇ–ಸ್ಪೋರ್ಟ್ಸ್‌ಗೆ ಮನ್ನಣೆ ಕೊಟ್ಟಿದೆ; ಪ್ರವೇಶ ಶುಲ್ಕ, ಬಹುಮಾನದ ಹಣ ಸರಿ ಎಂದಿದೆ. ಆದರೆ ಆಡುವವರಾಗಲಿ ನೋಡುವವರಾಗಲಿ ಅದರ ಮೇಲೆ ಬಾಜಿ ಕಟ್ಟುವಂತಿಲ್ಲ. ಹಣದ ಆಟ ನಡೆಸಿದವರಿಗೆ ಮೂರು ವರ್ಷದವರೆಗೆ ಸಜೆ ಅಥವಾ ಒಂದು ಕೋಟಿವರೆಗೆ ದಂಡ ಅಥವಾ ಎರಡೂ. ಜಾಹೀರಾತು ಮಾಡಿದವರಿಗೆ ಎರಡು ವರ್ಷದವರೆಗೆ ಸಜೆ, 50 ಲಕ್ಷದವರೆಗೆ ದಂಡ. ಆಡಿ ಸೋತವನಿಗೆ ಈ ಕಾಯ್ದೆ ಶಿಕ್ಷೆ ಹೇಳಿಲ್ಲ. ಕಾಯ್ದೆಯನ್ನು ಪ್ರಶ್ನಿಸಿ ಕಂಪನಿಗಳು ಕೋರ್ಟಿಗೆ ಹೋಗಿವೆ, ಆ ಮಾತು ಬೇರೆ.

ಹಾಗಾದರೆ ಇಲ್ಲಿ ಹುಡುಗರ ಫೋನಿಗೆ ಬರುವ ತಾಣಗಳು ಕದ್ದುಮುಚ್ಚಿ ನಡೆಯುವಂಥವು. ಅಲ್ಲಿ ಬೇಲಿ ಇಲ್ಲ, ಬೀಗ ಇಲ್ಲ. ಗೆದ್ದ ಹಣ ಕೊಡದಿದ್ದರೆ ಕೇಳುವ ಕಚೇರಿಯೂ ಇಲ್ಲ. ಬೀಗವೇ ಇಲ್ಲದ ಮನೆಯಲ್ಲಿ ಜವಾಬ್ದಾರಿಯ ಮಿತಿ ಎಂದರೆ ಸೊನ್ನೆ. ಹತ್ತು ರೂಪಾಯಿಯೂ ಅಲ್ಲ, ಸೊನ್ನೆ. ಗಣಿತದ ಮೇಷ್ಟ್ರು ಹೇಳುತ್ತಿರುವ ಉತ್ತರ ಇದು.

ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಅದನ್ನು ಮರಳಿ ಅಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮ ಕಳಿಸಿದ ಪ್ರಸಂಗ ನಿಮಗೆಲ್ಲ ಗೊತ್ತು. ಅದು ಯಾರಿಂದಲೂ ಕಸಿದ ಅಕ್ಕಿಯಲ್ಲ. ಆದರೂ ಅಂದಿನ ಕಾಯಕಕ್ಕೆ ಮೀರಿದ್ದು. ಬಾಜಿಯ ಗೆಲುವಾದರೋ ಇನ್ನೊಬ್ಬನ ಸೋಲಿನಿಂದಲೇ ಬಂದದ್ದು. ಯಾರೋ ತೊಗರಿ ಮಾರಿದ ಹಣ ಅದರಲ್ಲಿದೆ. ಅದರಿಂದ ಮಾಡಿದ ದಾಸೋಹ ದಾಸೋಹವಾಗುತ್ತದೆಯೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ಕೊನೆಯದಾಗಿ, ಈಗಾಗಲೇ ಸಿಕ್ಕಿಬಿದ್ದ ಮಗನಿಗೆ, ತಮ್ಮನಿಗೆ ಏನು ಮಾಡಬೇಕು? ಹೊಡೆಯಬೇಡಿ, ನಾಲ್ಕು ಜನರೆದುರು ಮಾನ ಕಳೆಯಬೇಡಿ. ಮೊದಲು ಸಾಲ ಒಟ್ಟು ಎಷ್ಟು ಎಂದು ಪೂರ್ತಿ ಬರೆಸಿ. ಮೊದಲ ಸಲ ಅರ್ಧವನ್ನೇ ಹೇಳುತ್ತಾರೆ, ಸಮಾಧಾನದಿಂದ ಎರಡನೆಯ ಸಲ ಕೇಳಿ. ಕೈಗೆ ಹಣ ಕೊಟ್ಟು ತೀರಿಸಿಕೋ ಎನ್ನದೆ, ಕೊಡಬೇಕಾದವರಿಗೆ ನೀವೇ ಕೊಡಿ. ಫೋನಿನ ಯುಪಿಐ ಮಿತಿ ಇಳಿಸಿ, ಸ್ವಲ್ಪ ಕಾಲ ಖಾತೆಯ ವ್ಯವಹಾರ ಮನೆಯವರ ಕೈಯಲ್ಲಿರಲಿ. ಖಾತೆ ಬಾಡಿಗೆಗೆ ಕೊಟ್ಟಿದ್ದರೆ ತಡಮಾಡದೆ ಬ್ಯಾಂಕಿಗೆ ತಿಳಿಸಿ. ಮೋಸವಾಗಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಿದ್ದೆ ಬಿಟ್ಟು ಮಂಕಾಗಿದ್ದರೆ, ಬದುಕೇ ಬೇಡ ಎಂಬ ಮಾತು ಬಂದರೆ, ಟೆಲಿ ಮಾನಸ್ ಸಂಖ್ಯೆ 14416. ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲು, ಆಟಗಳ ಗೀಳಿಗೆಂದೇ 2014ರಿಂದ ಒಂದು ಚಿಕಿತ್ಸಾಲಯವಿದೆ.

ವಿದ್ಯಾರ್ಥಿ ಮಿತ್ರರೆ, ಆಟ ಆಡಿ, ಪಂದ್ಯ ನೋಡಿ, ನಿಮ್ಮ ತಂಡ ಗೆದ್ದರೆ ಕುಣಿಯಿರಿ. ಹಣ ಕಟ್ಟದೆ ನೋಡಿದ ಪಂದ್ಯದಲ್ಲಿ ಸೋತರೂ ರಾತ್ರಿ ನಿದ್ದೆ ಬರುತ್ತದೆ. ಈಗಾಗಲೇ ಸಿಕ್ಕಿಕೊಂಡಿದ್ದರೆ ಇವತ್ತೇ ಒಬ್ಬ ಹಿರಿಯರಿಗೆ ಹೇಳಿ. ಅಪ್ಪನಿಗೆ ಹೇಳಲು ಭಯವಾದರೆ ಮೇಷ್ಟ್ರಿಗೆ ಹೇಳಿ. ಅದೂ ಆಗದಿದ್ದರೆ ಈ ಮಠದ ಬಾಗಿಲು ತೆರೆದೇ ಇದೆ. ಹಿರಿಯರೆ, ಅವರು ಬಂದು ಹೇಳಿದ ದಿನ 'ಇವ ನಮ್ಮ ಹುಡುಗ' ಎಂದು ಪಕ್ಕದಲ್ಲಿ ಕೂರಿಸಿಕೊಳ್ಳುವುದು ನಮ್ಮ ಪಾಲಿನ ಜವಾಬ್ದಾರಿ.