ಪೊರೆ ತೆಗೆದ ಮೇಲೆ ಕಣ್ಣಿಗೆ ಬರುವ ಒತ್ತಡದ ರೋಗ

(ಮಹೋತ್ಸವದ ಆರೋಗ್ಯಗೋಷ್ಠಿಯಲ್ಲಿ ನೇತ್ರವೈದ್ಯರೊಬ್ಬರು ಮಾಡಿದ ಉಪನ್ಯಾಸ)

ನಾನು ವೈದ್ಯನೇ ಹೊರತು ವಾಗ್ಮಿಯಲ್ಲ. ಕಣ್ಣಿನ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಅಪ್ಪಣೆಯಾದುದರಿಂದ, ನನ್ನ ಅನುಭವಕ್ಕೆ ಬಂದಷ್ಟನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುವೆನು.

ಪೊರೆಯ ಶಸ್ತ್ರಚಿಕಿತ್ಸೆಯು ನಮ್ಮ ನಾಡಿನವರಿಗೆ ಹೊಸದಲ್ಲ. 2005ರಲ್ಲಿ ತೀರಿಕೊಂಡ ಡಾಕ್ಟರ್ ಎಂ. ಸಿ. ಮೋದಿಯವರು ಊರೂರುಗಳಲ್ಲಿ ಉಚಿತ ಶಿಬಿರಗಳನ್ನು ಹೂಡಿ, ಬಡವರ ಪೊರೆಯನ್ನು ತೆಗೆದು ದೃಷ್ಟಿಯನ್ನು ಕೊಟ್ಟುದನ್ನು ತಮ್ಮಲ್ಲಿ ಹಿರಿಯರು ಕಂಡಿರಬಹುದು. ಲಂಡನ್ನಿನ ಹೆರಾಲ್ಡ್ ರಿಡ್ಲೆಯವರು 1949ರಲ್ಲಿ ಕಣ್ಣಿನೊಳಗೆ ಕೃತಕ ಮಸೂರವನ್ನಿಟ್ಟರು. ಮಬ್ಬಾದ ಮಸೂರವನ್ನು ಶಬ್ದಾತೀತ ತರಂಗಗಳಿಂದ ಒಡೆದು ಹೀರುವ ಕ್ರಮವನ್ನು ಅಮೆರಿಕದ ಚಾರ್ಲ್ಸ್ ಕೆಲ್ಮನ್ನರು 1967ರಲ್ಲಿ ತಂದರು. ಈಗ ಬಹುಮಂದಿ ರೋಗಿಗಳು ಅದೇ ದಿನ ಮನೆಗೆ ಹೋಗುವರು. ಇಷ್ಟು ಸುಲಭವಾದುದರಿಂದಲೇ, “ಪೊರೆ ತೆಗೆದಾಯಿತು, ಇನ್ನು ಕಣ್ಣಿನ ಚಿಂತೆ ಮುಗಿಯಿತು” ಎಂಬ ಭಾವನೆಯು ಜನರಲ್ಲಿ ಬೇರೂರಿದೆ. ಈ ಭಾವನೆಯಿಂದಾಗುವ ಹಾನಿಯನ್ನು ಹೇಳುವುದೇ ನನ್ನ ಉದ್ದೇಶ.

ಕೆಲವು ವರ್ಷಗಳ ಹಿಂದೆ ಹಳ್ಳಿಯ ವೃದ್ಧೆಯೊಬ್ಬಳಿಗೆ ನಾನೇ ಪೊರೆ ತೆಗೆದಿದ್ದೆನು. ಚಿಕಿತ್ಸೆಯು ನಿರ್ವಿಘ್ನವಾಗಿ ನಡೆದು, ಆಕೆ ಮೊಮ್ಮಗನ ಮುಖವನ್ನು ಕಂಡು ಆನಂದಬಾಷ್ಪ ಸುರಿಸಿದಳು. ಉರಿಯೂತ ಶಮನವಾಗಲೆಂದು ಒಂದು ತಿಂಗಳಿಗೆ ಹನಿಮದ್ದನ್ನು ಬರೆದುಕೊಟ್ಟೆನು. ಮದ್ದು ಹಾಕಿದಾಗ ಕಣ್ಣಿಗೆ ಹಿತವಾಗುತ್ತಿದ್ದುದರಿಂದ, ಆಕೆ ಹಳೆಯ ಚೀಟಿಯನ್ನೇ ಅಂಗಡಿಗೆ ಕಳುಹಿಸಿ ಎಂಟು ತಿಂಗಳವರೆಗೆ ಅದನ್ನೇ ತರಿಸಿ ಹಾಕಿಕೊಂಡಳು. ನೋವಿಲ್ಲ, ಕೆಂಪಿಲ್ಲ, ಆದುದರಿಂದ ನಮ್ಮ ಕಡೆಗೆ ಬರಲೂ ಇಲ್ಲ. ಕೊನೆಗೆ ನಡೆಯುವಾಗ ಬಾಗಿಲ ಚೌಕಟ್ಟಿಗೆ ತಾಗತೊಡಗಿದ ಮೇಲೆ ಮಗನು ಕರೆತಂದನು. ಕಣ್ಣಿನ ಒತ್ತಡವು 42 ಇದ್ದಿತು. ದೃಷ್ಟಿನರವು ಬಹುಮಟ್ಟಿಗೆ ಸವೆದುಹೋಗಿದ್ದಿತು. ಒತ್ತಡವನ್ನು ಇಳಿಸಿದೆವು, ಉಳಿದಷ್ಟನ್ನು ಕಾಪಾಡಿದೆವು. ಹೋದ ದೃಷ್ಟಿಯು ಮರಳಲಿಲ್ಲ. ತಪ್ಪು ಆಕೆಯದಲ್ಲ. ಇಂಥ ದಿನ ಮದ್ದನ್ನು ನಿಲ್ಲಿಸಬೇಕು, ಇಂಥ ದಿನ ತೋರಿಸಬೇಕು ಎಂಬುದನ್ನು ಮನೆಯವರಿಗೆ ಮನದಟ್ಟಾಗುವಂತೆ ಹೇಳದ ತಪ್ಪು ನನ್ನದು. ಅಂದಿನಿಂದ ಈ ಮಾತನ್ನು ಹೋದಲ್ಲೆಲ್ಲ ಹೇಳುತ್ತ ಬಂದಿದ್ದೇನೆ.

ಗ್ಲಾಕೋಮಾ ಅಥವಾ ಕಾಚಬಿಂದು ಎಂಬ ರೋಗದ ಸ್ವರೂಪವನ್ನು ಮೊದಲು ತಿಳಿಯಬೇಕು. ಕಣ್ಣಿನ ಮುಂಭಾಗದಲ್ಲಿ ತಿಳಿನೀರಿನಂಥ ರಸವೊಂದು ಸದಾ ಉತ್ಪನ್ನವಾಗುತ್ತ, ಕಾರ್ನಿಯಾಕ್ಕೂ ಐರಿಸಿಗೂ ನಡುವಣ ಮೂಲೆಯಲ್ಲಿರುವ ಸೂಕ್ಷ್ಮವಾದ ಜಾಲರಿಯ ಮೂಲಕ ಹೊರಗೆ ಹರಿಯುತ್ತದೆ. ಕೆರೆಗೆ ನೀರು ಬರುತ್ತಿದ್ದು ತೂಬು ಕಟ್ಟಿದರೆ ಏರಿಯ ಮೇಲೆ ಹೇಗೆ ಭಾರ ಬೀಳುವುದೋ, ಹಾಗೆಯೇ ಜಾಲರಿ ಕಟ್ಟಿದರೆ ಕಣ್ಣಿನ ಒತ್ತಡವು ಏರುವುದು. ಸಾಮಾನ್ಯವಾಗಿ ಈ ಒತ್ತಡವು ಪಾದರಸದ 10ರಿಂದ 21 ಮಿಲಿಮೀಟರುಗಳಷ್ಟಿರುತ್ತದೆ. ಅದು ಹೆಚ್ಚಿ ನಿಂತರೆ ಹಿಂದಣ ದೃಷ್ಟಿನರದ ತಂತುಗಳು ಸಾಯುವುವು. ಪೊರೆಯಿಂದ ಹೋದ ದೃಷ್ಟಿಯನ್ನು ಮರಳಿ ಪಡೆಯಬಹುದು. ನರ ಸತ್ತು ಹೋದುದನ್ನು ಪಡೆಯಲಾಗದು. ಇವೆರಡು ರೋಗಗಳಿಗಿರುವ ಮುಖ್ಯವಾದ ಭೇದವಿದು.

ಶಸ್ತ್ರಚಿಕಿತ್ಸೆಯ ಬಳಿಕ ಒತ್ತಡವೇರಲು ಕಾರಣಗಳು ಹಲವು. ಅವುಗಳನ್ನು ಕಾಲಾನುಸಾರವಾಗಿ ವಿಂಗಡಿಸಿದರೆ ಗ್ರಹಿಸುವುದು ಸುಲಭ.

ಮೊದಲನೆಯದು, ಅದೇ ದಿನದ ಏರಿಕೆ. ಚಿಕಿತ್ಸೆಯ ಕಾಲದಲ್ಲಿ ಕಣ್ಣು ಕುಸಿಯದಿರಲೆಂದು ನಾವು ಅಂಟಾದ ದ್ರವವೊಂದನ್ನು ಒಳಗೆ ತುಂಬಿ, ಕೊನೆಗೆ ತೊಳೆದು ತೆಗೆಯುತ್ತೇವೆ. ಸ್ವಲ್ಪ ಉಳಿದರೂ ಅದು ಜಾಲರಿಯನ್ನು ಮುಚ್ಚಿ, ಸಾಮಾನ್ಯವಾಗಿ ನಾಲ್ಕರಿಂದ ಎಂಟು ಗಂಟೆಗಳೊಳಗೆ ಒತ್ತಡವನ್ನೇರಿಸುವುದು. ಆಗ ಕಣ್ಣು ಮತ್ತು ಹಣೆ ನೋಯುವುವು, ಓಕರಿಕೆ ಬರುವುದು, ದೀಪದ ಸುತ್ತ ಬಣ್ಣದ ಬಳೆಗಳು ಕಾಣುವುವು. ಹನಿಮದ್ದಿನಿಂದಲೂ ಅಸಿಟಜೋಲಮೈಡ್ ಗುಳಿಗೆಯಿಂದಲೂ, ಅಗತ್ಯವಾದರೆ ಮೊದಲಿನ ಚಿಕ್ಕ ರಂಧ್ರದಿಂದಲೇ ತುಸು ನೀರನ್ನು ಹೊರಬಿಟ್ಟೂ, ಇದನ್ನು ಇಳಿಸುತ್ತೇವೆ. ಒಂದೆರಡು ದಿನಗಳಲ್ಲಿ ಇದು ಶಮನವಾಗುವುದಾದರೂ, ಮೊದಲೇ ಗ್ಲಾಕೋಮಾ ಇದ್ದವರ ನರವು ಅಷ್ಟನ್ನೂ ತಾಳಲಾರದು.

ಎರಡನೆಯದು, ಮೊದಲ ದಿನಗಳಿಂದ ವಾರಗಳವರೆಗಿನದು. ಮಸೂರದ ಚೂರು ಒಳಗುಳಿದಿರಬಹುದು, ರಕ್ತ ಜಿನುಗಿರಬಹುದು, ಉರಿಯೂತ ಹೆಚ್ಚಿರಬಹುದು. ಪಾಪೆಯ ದಾರಿ ಮುಚ್ಚಿದರೆ ನೀರು ಐರಿಸಿನ ಹಿಂದೆ ನಿಂತು ಅದನ್ನು ಮುಂದಕ್ಕೆ ಉಬ್ಬಿಸುವುದು; ಆಗ ಲೇಸರಿನಿಂದ ಐರಿಸಿನಲ್ಲಿ ಸಣ್ಣ ರಂಧ್ರ ಮಾಡಿದರೆ ದಾರಿ ತೆರೆಯುವುದು. ವಿರಳವಾಗಿ ಆ ನೀರು ದಾರಿ ತಪ್ಪಿ ಕಣ್ಣಿನ ಹಿಂಭಾಗಕ್ಕೆ ಹೋಗಿ, ಮುಂಭಾಗವೆಲ್ಲ ಚಪ್ಪಟೆಯಾಗುವುದುಂಟು. ಇಲ್ಲಿ ಅಟ್ರೊಪಿನ್ ಹನಿಯೇ ಮೊದಲ ಮದ್ದು. ಪಾಪೆಯನ್ನು ಕಿರಿದುಗೊಳಿಸುವ ಹನಿಯು ರೋಗವನ್ನು ಕೆಡಿಸುವುದು. ನೋಡಲು ಒಂದರಂತೆಯೇ ಇರುವ ಎರಡು ಸ್ಥಿತಿಗಳಿಗೆ ಚಿಕಿತ್ಸೆಯು ಹೀಗೆ ಬೇರೆಯಾಗಿರುವುದರಿಂದ, ನೆರೆಮನೆಯವರ ಮದ್ದನ್ನು ಹಾಕಿಕೊಳ್ಳುವುದು ಎಷ್ಟು ಅಪಾಯಕರವೆಂಬುದನ್ನು ತಾವೇ ಊಹಿಸಬಹುದು.

ಸ್ಟಿರಾಯಿಡ್ ಹನಿಯಿಂದಾಗುವ ಏರಿಕೆಯೂ ಸಾಮಾನ್ಯವಾಗಿ ಎರಡರಿಂದ ಆರು ವಾರಗಳಲ್ಲಿ ತಲೆದೋರುವುದು. ಮೇಲೆ ಹೇಳಿದ ತಾಯಿಗಾದುದು ಇದೇ. ಈ ಮದ್ದು ಕೆಟ್ಟದ್ದಲ್ಲ. ಚಿಕಿತ್ಸೆಯ ಬಳಿಕ ಅದು ಬೇಕೇ ಬೇಕು. ಆದರೆ ಕೆಲವರ ಕಣ್ಣಿನ ಜಾಲರಿಯು ಅದನ್ನು ಸಹಿಸದು. ಸಹಿಸದವರು ಯಾರೆಂದು ತಿಳಿಯಲು ಒತ್ತಡವನ್ನು ಅಳೆಯದೆ ಬೇರೆ ದಾರಿಯಿಲ್ಲ.

ಮೂರನೆಯದು, ತಿಂಗಳು ವರ್ಷಗಳ ತರುವಾಯದ್ದು. ಕೃತಕ ಮಸೂರವು ಸ್ಥಾನತಪ್ಪಿ ಐರಿಸಿಗೆ ಉಜ್ಜುತ್ತಿರಬಹುದು. ಮಧುಮೇಹಿಗಳಲ್ಲಿ ಹೊಸ ರಕ್ತನಾಳಗಳು ಬೆಳೆದು ಮೂಲೆಯನ್ನು ಮುಚ್ಚಬಹುದು. ಹುಟ್ಟುಪೊರೆ ತೆಗೆಸಿಕೊಂಡ ಮಕ್ಕಳಲ್ಲಿ ಅನೇಕ ವರ್ಷಗಳ ನಂತರವೂ ಈ ರೋಗ ಬರಬಹುದಾದುದರಿಂದ, ಅವರ ಕಣ್ಣುಗಳನ್ನು ಜೀವಮಾನವೆಲ್ಲ ಪರೀಕ್ಷಿಸುತ್ತಿರತಕ್ಕದ್ದು.

ರೋಗನಿರ್ಣಯಕ್ಕೆ ಒತ್ತಡದ ಅಳತೆಯೊಂದೇ ಸಾಲದು. ಚಿಕಿತ್ಸೆಯಾದ ಹೊಸತರಲ್ಲಿ ಕಾರ್ನಿಯಾ ಊದಿಕೊಂಡಿದ್ದರೆ ಅಳತೆಯೂ ತಪ್ಪಬಹುದು. ಸ್ಲಿಟ್ ಲ್ಯಾಂಪಿನಿಂದ ಮುಂಭಾಗವನ್ನೂ, ಕನ್ನಡಿಯುಳ್ಳ ವಿಶೇಷ ಮಸೂರದಿಂದ ಮೂಲೆಯ ಜಾಲರಿಯನ್ನೂ ನೋಡಬೇಕು. ದೃಷ್ಟಿನರದ ಬುಡವನ್ನು ಪರೀಕ್ಷಿಸಿ, ದೃಷ್ಟಿಕ್ಷೇತ್ರವನ್ನು ಅಳೆಯಬೇಕು. ನಡುವಿನ ದೃಷ್ಟಿಯು ಕೊನೆಯವರೆಗೂ ಚೆನ್ನಾಗಿರುವುದುಂಟು; ಅಂಚಿನ ದೃಷ್ಟಿಯೇ ಮೊದಲು ಹೋಗುವುದು. ಅಕ್ಷರ ಓದಬಲ್ಲೆನೆಂದ ಮಾತ್ರಕ್ಕೆ ಕಣ್ಣು ಕ್ಷೇಮವೆಂದು ಭಾವಿಸಲಾಗದು.

ಚಿಕಿತ್ಸೆಯು ಕಾರಣವನ್ನನುಸರಿಸುವುದು. ಉಳಿದ ಚೂರನ್ನು ತೆಗೆಯುವುದು, ಸ್ಟಿರಾಯಿಡನ್ನು ವೈದ್ಯರ ಸಲಹೆಯಂತೆ ಇಳಿಸುವುದು ಅಥವಾ ಬದಲಿಸುವುದು, ಮಸೂರವನ್ನು ಸರಿಪಡಿಸುವುದು, ಇವು ಮೂಲಚಿಕಿತ್ಸೆಗಳು. ಜೊತೆಗೆ ಒತ್ತಡವಿಳಿಸುವ ಹನಿಗಳಿವೆ. ಉಬ್ಬಸವಿದ್ದವರು ಅದನ್ನು ಮೊದಲೇ ತಿಳಿಸಬೇಕು, ಏಕೆಂದರೆ ಟಿಮೊಲಾಲ್ ಎಂಬ ಹನಿಯು ಅವರಿಗೆ ಅಪಾಯಕರ. ಮೂತ್ರಪಿಂಡದ ರೋಗವಿದ್ದವರೂ ಗುಳಿಗೆಗೆ ಮುನ್ನ ಹೇಳತಕ್ಕದ್ದು. ಮದ್ದಿಗೆ ಬಗ್ಗದಿದ್ದರೆ ಲೇಸರ್ ಉಂಟು. ಅದಕ್ಕೂ ಬಗ್ಗದಿದ್ದರೆ ನೀರಿಗೆ ಹೊಸ ದಾರಿ ಮಾಡುವ ಶಸ್ತ್ರಚಿಕಿತ್ಸೆ ಉಂಟು.

ಇದನ್ನೆಲ್ಲ ಕೇಳಿ ಯಾರೂ ಪೊರೆಯ ಚಿಕಿತ್ಸೆಗೆ ಹೆದರಬಾರದು. ಅನೇಕರಲ್ಲಿ ಪೊರೆ ತೆಗೆಯುವುದರಿಂದಲೇ ಒತ್ತಡವು ಸ್ವಲ್ಪ ಇಳಿಯುವುದು. ಮೇಲಾಗಿ, ಪೊರೆಯನ್ನು ಮಾಗಲು ಬಿಟ್ಟು ವರ್ಷಗಟ್ಟಲೆ ತಡಮಾಡಿದರೆ, ಊದಿದ ಅಥವಾ ಕರಗಿ ಸೋರಿದ ಮಸೂರದಿಂದಲೇ ಗ್ಲಾಕೋಮಾ ಬರುವುದು.

ಆದುದರಿಂದ ನನ್ನ ವಿಜ್ಞಾಪನೆ ಇಷ್ಟೆ. ಚಿಕಿತ್ಸೆಗೆ ಮುನ್ನವೇ ಒತ್ತಡವನ್ನು ಅಳೆಯಿಸಿ. ಮನೆತನದಲ್ಲಿ ಗ್ಲಾಕೋಮಾ ಇದ್ದರೆ ಹೇಳಿ. ಆ ರಾತ್ರಿ ನೋವು, ವಾಂತಿ ಬಂದರೆ ಬೆಳಗಾಗಲೆಂದು ಸಹಿಸಬೇಡಿ. ಮುಂದಿನ ದಿನಗಳಲ್ಲಿ ನೋವಿನೊಡನೆ ಕೆಂಪೇರಿ ದೃಷ್ಟಿ ಕುಗ್ಗಿದರೆ ಅದು ಒತ್ತಡವಾಗಲಿ ಸೋಂಕಾಗಲಿ, ತಡಮಾಡತಕ್ಕದ್ದಲ್ಲ. ಹೇಳಿದ ದಿನಗಳಲ್ಲಿ ತಪ್ಪದೆ ತೋರಿಸಿ. ಹಳೆಯ ಚೀಟಿಯಿಂದ ಮದ್ದು ತರಿಸಬೇಡಿ. ವೃದ್ಧರು “ನನಗೇನೂ ಆಗಿಲ್ಲ” ಎಂದೇ ಹೇಳುವರು. ಅವರ ಕೈಹಿಡಿದು ಕರೆತರುವ ಹೊಣೆಯು ಮನೆಯ ಕಿರಿಯರದು. ತಂದೆತಾಯಿಗಳ ಪೊರೆ ತೆಗೆಸುವುದು ಅರ್ಧ ಸೇವೆ. ಆಮೇಲೆ ಅವರ ಕಣ್ಣನ್ನು ಕಾಯುವುದು ಉಳಿದರ್ಧ.