ಆಟದ ಹೊರಗೆ ನಿಂತ ಚರಿತ್ರೆ

ಹಳೆಯ ದೇವಾಲಯದ ಜಗಲಿಯ ಮೇಲೆ ಕುಳಿತು ದಣಿವಾರಿಸಿಕೊಳ್ಳುವಾಗ ಕೆಳಗಿನ ಚಪ್ಪಡಿಯನ್ನು ಒಮ್ಮೆ ಅಂಗೈಯಿಂದ ಒರಸಿ ನೋಡಿ. ಅನೇಕ ಕಡೆಗಳಲ್ಲಿ ಕಲ್ಲಿನ ಮೇಲೆ ಉಳಿಯಿಂದ ಕೊರೆದ ಒಂದು ತ್ರಿಕೋಣವೂ, ಅದನ್ನು ಅಡ್ಡಹಾಯುವ ಗೆರೆಗಳೂ ಕಾಣುತ್ತವೆ. ಅದು ಯಂತ್ರವೂ ಅಲ್ಲ, ಮಂತ್ರವೂ ಅಲ್ಲ. ಆಡು-ಹುಲಿಯ ಆಟದ ಮನೆ. 3 ಹುಲಿ, 15 ಆಡು. ಹುಲಿ ಒಂಟಿ ಆಡಿನ ಮೇಲೆ ಹಾರಿ ಅದನ್ನು ಕಬಳಿಸುತ್ತದೆ. ಆದರೆ ಆಡಿನ ಬೆನ್ನಿಗೆ ಇನ್ನೊಂದು ಆಡು ನಿಂತಿದ್ದರೆ ಹಾರಲು ಹುಲಿಗೆ ಎಡೆಯಿಲ್ಲ. ಆಡುಗಳೆಲ್ಲ ಹೀಗೆ ಒಂದಕ್ಕೊಂದು ಒತ್ತಾಗಿ ನಿಂತು ಹುಲಿಯನ್ನು ಮಿಸುಕದಂತೆ ಕಟ್ಟಿಹಾಕಿದರೆ ಗೆದ್ದಂತೆ. ಈ ಆಟವನ್ನು ಕಲಿಸಿದ ಯಾವ ಅಜ್ಜಿಯೂ ಕೊನೆಯಲ್ಲಿ ಒಂದು ನೀತಿವಾಕ್ಯವನ್ನು ಹೇಳಿದ್ದು ನಾನು ಕೇಳಿಲ್ಲ. ಹೇಳಬೇಕಾದ್ದನ್ನು ಆಟದ ಕಟ್ಟಳೆಯೇ ಹೇಳಿ ಮುಗಿಸಿರುತ್ತದೆ.

ಚರಿತ್ರೆಯನ್ನು ಕಲಿಸುವ ವಿಡಿಯೋ ಆಟಗಳ ವಿಷಯವನ್ನು ಎತ್ತಿಕೊಂಡು ಕಲ್ಲುಚಪ್ಪಡಿಯಿಂದ ಆರಂಭಿಸಿದನಲ್ಲ ಎಂದು ವಾಚಕರು ಆಕ್ಷೇಪಿಸಬಾರದು. ಈ ಆಟಗಳ ಕೊರತೆಯನ್ನು ಅಳೆಯಲು ನನಗೆ ತಿಳಿದ ಅಳತೆಗೋಲು ಅದೊಂದೇ. ನಾನು ವೃತ್ತಿಯಿಂದ ಕನ್ನಡ ಪಂಡಿತ. ಚರಿತ್ರೆಯ ಅಧ್ಯಾಪಕನಲ್ಲ, ಯಂತ್ರವಿದ್ಯೆಯನ್ನಂತೂ ಅರಿಯೆ. ಆದರೆ ಮಕ್ಕಳು ಯಾವುದನ್ನು ಕಲಿಯುತ್ತಾರೆ, ಯಾವುದನ್ನು ಕಲಿತಂತೆ ನಟಿಸುತ್ತಾರೆ ಎಂಬುದು ಮೂರು ದಶಕಗಳ ಕಾಲ ಕರಿಹಲಗೆಯ ಮುಂದೆ ನಿಂತವನಿಗೆ ಸ್ವಲ್ಪಮಟ್ಟಿಗಾದರೂ ತಿಳಿದಿರಬೇಕಷ್ಟೆ.

2022ರ ಆಗಸ್ಟ್ 24ರಂದು ಕೇಂದ್ರ ಸರ್ಕಾರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವು ‘ಆಜಾದಿ ಕ್ವೆಸ್ಟ್’ ಎಂಬ ಹೆಸರಿನಲ್ಲಿ ಮೊಬೈಲಿನಲ್ಲಿ ಆಡತಕ್ಕ ಎರಡು ಆಟಗಳನ್ನು ಹೊರತಂದಿತು. ಸ್ವಾತಂತ್ರ್ಯದ 75ನೆಯ ವರ್ಷದ ಉತ್ಸವದ ಅಂಗವಾಗಿ, ಸ್ವಾತಂತ್ರ್ಯ ಸಂಗ್ರಾಮದ ಕಥೆಯನ್ನು ಆಟದ ಮೂಲಕ ಎಳೆಯರಿಗೆ ತಲುಪಿಸುವುದು ಉದ್ದೇಶ. (ಆಕಾಶವಾಣಿಗೂ ಆ ಸಚಿವಾಲಯಕ್ಕೂ ಇರುವ ನೆಂಟಸ್ತಿಕೆಯನ್ನು ನಾನು ಮರೆತಿಲ್ಲ, ಮನೆಯವರ ಮೇಲಿನ ದೂರನ್ನು ಮನೆಯ ಜಗಲಿಯಲ್ಲೇ ಕುಳಿತು ಹೇಳುತ್ತಿದ್ದೇನೆ.) ಆಟಗಳನ್ನು ಸಿದ್ಧಪಡಿಸಿದ್ದು ಬೆಂಗಳೂರಿನ ಜಿಂಗಾ ಇಂಡಿಯಾ ಕಂಪನಿಯ ಸಹಯೋಗದಲ್ಲಿ. ಹೊಲ ಬೆಳೆಸುವ ‘ಫಾರ್ಮ್‌ವಿಲ್’ ಎಂಬ ಆಟದಿಂದ ಲೋಕಪ್ರಸಿದ್ಧವಾದದ್ದು ಈ ಜಿಂಗಾ. ವಿಷಯಸಂಗ್ರಹ ಪ್ರಕಟಣಾ ವಿಭಾಗದ್ದು. ಅದನ್ನು ಪರಿಶೀಲಿಸಿದವರು ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತಿನ ತಜ್ಞರು. ಆದ್ದರಿಂದ ತೇದಿ ತಪ್ಪಾಗಿದೆ, ಹೆಸರು ತಪ್ಪಾಗಿದೆ ಎಂದು ಭೂತಗನ್ನಡಿ ಹಿಡಿದು ಹೊರಡುವುದು ನನ್ನ ಉದ್ದೇಶವಲ್ಲ. ಹಾಗೆ ಹೊರಟರೆ ನಿಜವಾದ ದೋಷ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಎರಡರಲ್ಲಿ ಮೊದಲನೆಯದು ಮೂರು ಜೋಡಿಸುವ ಆಟ. ಬಣ್ಣಬಣ್ಣದ ಬಿಲ್ಲೆಗಳು ಸಾಲುಗಟ್ಟಿ ನಿಂತಿರುತ್ತವೆ. ಒಂದನ್ನು ಪಕ್ಕದ್ದರೊಡನೆ ಅದಲುಬದಲು ಮಾಡಿ ಒಂದೇ ಬಗೆಯ ಮೂರನ್ನು ಸಾಲಾಗಿ ತಂದರೆ ಅವು ಮಾಯವಾಗಿ ಮೇಲಿನಿಂದ ಹೊಸವು ಉದುರುತ್ತವೆ. ಮಿಠಾಯಿಗಳನ್ನೋ ರತ್ನಗಳನ್ನೋ ಇಟ್ಟು ಆಡುವ ಈ ಬಗೆಯ ಆಟವನ್ನು ಬಸ್ಸಿನಲ್ಲಿ ಪಕ್ಕದವರ ಕೈಯಲ್ಲಿ ನೀವು ನೋಡಿಯೇ ಇದ್ದೀರಿ. ಇಲ್ಲಿ 1857ರಿಂದ 1947ರವರೆಗಿನ ಸಂಗ್ರಾಮದ ದಾರಿಯನ್ನು 495 ಹಂತಗಳಾಗಿ ಮಾಡಿ, ಆಡುತ್ತ ಹೋದವರಿಗೆ 75 ಮಾಹಿತಿ ಕಾರ್ಡುಗಳನ್ನು ಬಹುಮಾನವಾಗಿ ಇಟ್ಟಿದ್ದರು. ಸರಾಸರಿ ಆರೇಳು ಹಂತಕ್ಕೆ ಒಂದು ಕಾರ್ಡು. ಎರಡನೆಯದು ರಸಪ್ರಶ್ನೆ: 75 ಹಂತ, 750 ಪ್ರಶ್ನೆ, 75 ಮಂದಿ ವೀರರ ಕಾರ್ಡುಗಳು.

ಈಗ ಆಡು-ಹುಲಿಯನ್ನು ಜ್ಞಾಪಿಸಿಕೊಳ್ಳಿ. ಮೂರು ಬಿಲ್ಲೆಗಳನ್ನು ಸಾಲುಗೂಡಿಸುವುದಕ್ಕೂ ಉಪ್ಪಿನ ಸತ್ಯಾಗ್ರಹಕ್ಕೂ ಏನು ಸಂಬಂಧ? ಕಾರ್ಡಿನ ಮೇಲಿನ ಬರಹವನ್ನು ಅಳಿಸಿ, ಅಲ್ಲಿ ಸಸ್ಯಶಾಸ್ತ್ರವನ್ನು ಬರೆಯಿರಿ. ಆಟದಲ್ಲಿ ಒಂದು ನಡೆಯೂ ವ್ಯತ್ಯಾಸವಾಗುವುದಿಲ್ಲ. ಕೈಯೂ ಕಣ್ಣೂ ಒಂದು ಕೆಲಸದಲ್ಲಿ ತೊಡಗಿವೆ, ಚರಿತ್ರೆ ಬಾಗಿಲ ಹೊರಗೆ ಕಾರ್ಡು ಹಿಡಿದು ನಿಂತಿದೆ. ಆಟದಲ್ಲಿ ಮುಳುಗಿದ ಹುಡುಗನಿಗೆ ಆ ಕಾರ್ಡು ಮುಂದಿನ ಹಂತಕ್ಕೆ ಹೋಗಲು ಅಡ್ಡಬಂದ ಸುಂಕದಕಟ್ಟೆಯಂತೆ ತೋರಿದರೆ ಅವನನ್ನು ದೂರುವ ಹಾಗಿಲ್ಲ.

ವ್ಯಾಕರಣ ಓದಿದವನಿಗೆ ಎಲ್ಲೆಲ್ಲೂ ಸಮಾಸವೇ ಕಾಣುತ್ತದೆ ಎಂದು ನಗಬೇಡಿ. ‘ಆಟಪಾಠ’ ಎಂದು ನಾವು ಹೇಳುವ ಮಾತು ದ್ವಂದ್ವ ಸಮಾಸ: ಆಟವೂ ಪಾಠವೂ. ಎರಡು ಪದಗಳೂ ಪಕ್ಕಪಕ್ಕದಲ್ಲಿ ನಿಂತಿವೆಯೇ ಹೊರತು ಒಂದರೊಳಗೊಂದು ಬೆರೆತಿಲ್ಲ. ಈ ಬಗೆಯ ಶೈಕ್ಷಣಿಕ ಆಟಗಳು ದ್ವಂದ್ವದಲ್ಲೇ ನಿಂತುಬಿಡುತ್ತವೆ. ನಮಗೆ ಬೇಕಾದದ್ದು ‘ಆಟವೇ ಪಾಠ’ ಎಂಬ ಕರ್ಮಧಾರಯ. ಭಾರತದ ಸಭಾಪರ್ವದ ಪಗಡೆಯನ್ನು ನೋಡಿ. ಅಲ್ಲಿ ದಾಳ ಉರುಳಿದಾಗಲೆಲ್ಲ ಏನೋ ಒಂದು ಕೈಬಿಟ್ಟು ಹೋಗುತ್ತದೆ: ಧನ, ರಾಜ್ಯ, ತಮ್ಮಂದಿರು, ತಾನು, ಕೊನೆಗೆ ದ್ರೌಪದಿ. ಆಟವನ್ನು ತೆಗೆದರೆ ಕಥೆಯೇ ಇಲ್ಲ.

ಇನ್ನು ಗಡಿಯ ವಿಷಯ. ಆಟ 1857ರಲ್ಲಿ ಆರಂಭವಾಗುತ್ತದೆ. ಹಾಗಾದರೆ 1824ರ ಕಿತ್ತೂರು, 1830ರ ನಗರದ ರೈತರ ದಂಗೆ, ಇವು ಯಾವ ಹಂತಕ್ಕೆ ಸೇರಬೇಕು? ನಮ್ಮ ಮಳವಳ್ಳಿಯ ಬಯಲಿನಲ್ಲಿ 1799ರ ಮಾರ್ಚ್ 27ರಂದು ಟಿಪ್ಪುವಿನ ಸೈನ್ಯಕ್ಕೂ ಜನರಲ್ ಹ್ಯಾರಿಸನ ಸೈನ್ಯಕ್ಕೂ ಕದನ ನಡೆಯಿತು. ಮುಂದೆ ವೆಲಿಂಗ್ಟನ್ ಡ್ಯೂಕ್ ಎನಿಸಿದ ಆರ್ಥರ್ ವೆಲ್ಲೆಸ್ಲಿ ಆ ದಿನ ಇಲ್ಲಿದ್ದ. ಊರ ಮಗುವಿಗೆ ಈ ಮಾತನ್ನು ಹೇಳಿದರೆ ಅದು ಮೊದಲು ನಂಬುವುದಿಲ್ಲ. ಚರಿತ್ರೆಯೆಂಬುದು ದಿಲ್ಲಿಯಲ್ಲೋ ಲಂಡನ್ನಿನಲ್ಲೋ ನಡೆಯುವ ಸಂಗತಿ, ಸಂತೆಗೆ ಹೋಗುವ ದಾರಿಯಲ್ಲಿ ನಡೆಯುವುದಲ್ಲ ಎಂದು ಅದಕ್ಕೆ ಹೇಗೋ ಮನವರಿಕೆಯಾಗಿಬಿಟ್ಟಿದೆ. ಭಾಷೆಯ ಮಾತಂತೂ ಹೇಳಿದಷ್ಟೂ ಸಂಕಟ. ಬೆಂಗಳೂರಿನ ನಂಟಿನಿಂದ ಹುಟ್ಟಿದ ಈ ಆಟಗಳು ಬಿಡುಗಡೆಯಾದದ್ದು ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ. ಕನ್ನಡ ಮಾಧ್ಯಮದ ಏಳನೆಯ ತರಗತಿಯ ಹುಡುಗಿ ಬಿಲ್ಲೆಗಳನ್ನು ಜೋಡಿಸಬಲ್ಲಳು. ಅದಕ್ಕೆ ಭಾಷೆ ಬೇಡ. ಕಾರ್ಡನ್ನು ಮಾತ್ರ ಓದಲಾರಳು. ಎಂದರೆ, ಯಾವುದಕ್ಕಾಗಿ ಆಟವೋ ಅದೇ ಅವಳಿಗೆ ದಕ್ಕುವುದಿಲ್ಲ.

ನೆರೆಯ ಮದ್ದೂರಿನ ಶಿವಪುರಕ್ಕೂ ಒಂದು ಕಾರ್ಡು ಕೊಟ್ಟರೆಂದೇ ಇಟ್ಟುಕೊಳ್ಳೋಣ. 1938ರ ಏಪ್ರಿಲ್, ಶಿಂಷಾ ನದಿಯ ಬಳಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ, ಅಧ್ಯಕ್ಷರು ಟಿ. ಸಿದ್ಧಲಿಂಗಯ್ಯನವರು, ಧ್ವಜಾರೋಹಣಕ್ಕೆ ನಿಷೇಧ, ನಿಷೇಧವನ್ನು ಮೀರಿ ಸತ್ಯಾಗ್ರಹ, ಬಂಧನ. ಕಾರ್ಡು ತುಂಬಿತು. ಆದರೆ ಆ ದಿನದ ಇಕ್ಕಟ್ಟು ಈ ಸಾಲುಗಳಲ್ಲಿ ಎಲ್ಲಿದೆ? ಧ್ವಜವನ್ನು ತಡೆದದ್ದು ಬ್ರಿಟಿಷ್ ಕಲೆಕ್ಟರನಲ್ಲ, ನಮ್ಮದೇ ಮೈಸೂರು ಸರ್ಕಾರ. ಸಿಂಹಾಸನದ ಮೇಲೆ ಇದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಅವರ ಕಾಲದ ಕನ್ನಂಬಾಡಿ ಕಟ್ಟೆಯಿಂದ ಇರ್ವಿನ್ ನಾಲೆಯಲ್ಲಿ (ಇಂದು ಅದು ವಿಶ್ವೇಶ್ವರಯ್ಯ ನಾಲೆ) ನೀರು ಹರಿದು ಮಂಡ್ಯದ ಸೀಮೆಯಲ್ಲಿ ಕಬ್ಬು ಭತ್ತ ಬೆಳೆಯತೊಡಗಿದ್ದವು. ಮನೆಯ ಗೋಡೆಯ ಮೇಲೆ ಮಹಾರಾಜರ ಪಟವನ್ನು ತೂಗುಹಾಕಿ ಕೈಮುಗಿಯುತ್ತಿದ್ದ ರೈತ ಅದೇ ಮಹಾರಾಜರ ಸರ್ಕಾರದ ಅಪ್ಪಣೆಯನ್ನು ಮೀರಿ ಶಿವಪುರಕ್ಕೆ ಹೋಗಬೇಕೆ, ಬೇಡವೆ? ಹೋದವನಿಗೆ ಮಹಾರಾಜರಲ್ಲಿದ್ದ ಭಕ್ತಿ ಕಡಿಮೆಯಾಯಿತೆ? ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಆಮೇಲೆ ಸರದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತುಕತೆ ನಡೆಸಿ, ಸಂಸ್ಥಾನದ ಧ್ವಜದ ಜೊತೆಯಲ್ಲಿ ಕಾಂಗ್ರೆಸ್ಸಿನ ಧ್ವಜವೂ ಹಾರಬಹುದೆಂದು ಒಪ್ಪಂದವಾಯಿತು. ಎರಡು ಧ್ವಜ ಒಟ್ಟಿಗೆ! ಇದನ್ನು ಸರಿ ಉತ್ತರ, ತಪ್ಪು ಉತ್ತರ ಎಂದು ಗುರುತುಹಾಕುವುದು ಹೇಗೆ? ರಸಪ್ರಶ್ನೆಗೆ ಇಸವಿ ಬೇಕು, ಹೆಸರು ಬೇಕು, ಇಕ್ಕಟ್ಟು ಬೇಡ. ಚರಿತ್ರೆಯಲ್ಲಿ ಕಲಿಯತಕ್ಕದ್ದೆಲ್ಲ ಇಕ್ಕಟ್ಟಿನಲ್ಲಿಯೇ ಇದೆ.

ಹೊರದೇಶದವರು ಇದನ್ನು ಗೆದ್ದಿದ್ದಾರೆಂದೂ ಹೇಳಲಾರೆ. ಯೂಬಿಸಾಫ್ಟ್ ಎಂಬ ಫ್ರೆಂಚ್ ಕಂಪನಿಯದು ‘ಅಸ್ಯಾಸಿನ್ಸ್ ಕ್ರೀಡ್’ ಎಂಬ ಕತ್ತಿವರಸೆಯ ಆಟಗಳ ಮಾಲೆ. 2017ರಲ್ಲಿ ಅದರಲ್ಲಿ ಕ್ಲಿಯೋಪಾತ್ರಳ ಕಾಲದ ಈಜಿಪ್ಟನ್ನು ನಿರ್ಮಿಸಿದರು. ಮರುವರ್ಷ ಫೆಬ್ರವರಿಯಲ್ಲಿ ಕೊಲೆ ಕಾದಾಟಗಳನ್ನೆಲ್ಲ ತೆಗೆದುಹಾಕಿ, ಶಾಲೆಗಳಿಗೂ ಒಪ್ಪುವಂತೆ ‘ಡಿಸ್ಕವರಿ ಟೂರ್’ ಎಂಬ ವಿಹಾರವನ್ನು ಅದರಿಂದ ಕವಲೊಡೆಯಿಸಿದರು. ಅಲ್ಲಿಯೂ 75 ಸುತ್ತುಗಳು! ಈ ಸಂಖ್ಯೆಗೆ ಏನು ಮಹಿಮೆಯೋ ಕಾಣೆ. ನಗರದ ಬೀದಿ, ರೊಟ್ಟಿ ಸುಡುವ ಬಗೆ, ಮಮ್ಮಿಗಳನ್ನು ಕಟ್ಟುವ ಕ್ರಮ ಎಲ್ಲವನ್ನೂ ನೋಡುತ್ತ ನಡೆಯಬಹುದು. ಚೆನ್ನಾಗಿಯೇ ಇದೆ, ಕಾರ್ಡಿಗಿಂತ ಎಷ್ಟೋ ಪಾಲು ಮೇಲು. ಆದರೆ ಅಲ್ಲಿ ನೋಡುವವನು ವಸ್ತುಸಂಗ್ರಹಾಲಯದ ಯಾತ್ರಿಕ. ಅವನು ಏನು ಮಾಡಿದರೂ ಈಜಿಪ್ಟಿಗೆ ಏನೂ ಆಗುವುದಿಲ್ಲ, ಅವನಿಗೂ ಏನೂ ಆಗುವುದಿಲ್ಲ. ಮಕ್ಕಳ ಮರ್ಯಾದೆಗಾಗಿ ನಗ್ನ ವಿಗ್ರಹಗಳಿಗೆ ಕಡಲ ಚಿಪ್ಪುಗಳನ್ನು ಮುಚ್ಚಿದರಂತೆ. ಸದ್ಯ, ಅವರು ನಮ್ಮ ಸೋಮನಾಥಪುರಕ್ಕೆ ಬರಲಿಲ್ಲ. ಅಷ್ಟು ಚಿಪ್ಪುಗಳನ್ನು ಎಲ್ಲಿಂದ ತರುತ್ತಿದ್ದರೋ.

ನನಗೆ ಮೆಚ್ಚಿಗೆಯಾದದ್ದು ಇವೆಲ್ಲಕ್ಕಿಂತ ಬಹು ಹಳೆಯದು. 1971ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಅಧ್ಯಾಪನದ ತರಬೇತಿಯಲ್ಲಿದ್ದ ಮೂವರು ತರುಣರು ‘ಆರೆಗಾನ್ ಟ್ರೇಲ್’ ಎಂಬ ಆಟವನ್ನು ಕಟ್ಟಿದರು. ಅವರಲ್ಲೊಬ್ಬರಾದ ಡಾನ್ ರಾವಿಚ್ ಅದನ್ನು ತಮ್ಮ ಚರಿತ್ರೆಯ ತರಗತಿಗೆ ಒಯ್ದರು. ಚಿತ್ರವಿಲ್ಲ, ಬಣ್ಣವಿಲ್ಲ, ಪರದೆಯೇ ಇಲ್ಲ; ದೂರದ ಕಂಪ್ಯೂಟರಿಗೆ ಟೆಲಿಫೋನ್ ತಂತಿಯಿಂದ ಸೇರಿದ ಒಂದು ಟೆಲಿಪ್ರಿಂಟರ್, ಅದರಿಂದ ಕಾಗದದ ಮೇಲೆ ಅಕ್ಷರಗಳು. ಎತ್ತಿನ ಬಂಡಿಯಲ್ಲಿ ಪಶ್ಚಿಮಕ್ಕೆ ವಲಸೆ ಹೋಗುವ ಸಂಸಾರ ನಿಮ್ಮದು. ಇಷ್ಟು ಹಣವಿದೆ: ಎತ್ತಿಗೆಷ್ಟು, ಆಹಾರಕ್ಕೆಷ್ಟು, ಬಟ್ಟೆಗೆಷ್ಟು? ಬಟ್ಟೆಯಲ್ಲಿ ಉಳಿತಾಯ ಮಾಡಿದರೆ ಬೆಟ್ಟದ ಚಳಿಯಲ್ಲಿ ಅನುಭವಿಸಬೇಕು. 1985ರ ಆವೃತ್ತಿಯಲ್ಲಿ ನದಿ ದಾಟುವ ಕಷ್ಟವೂ ಸೇರಿತು. ಕಾರ್ಡು ಕೊಡುವ ಅಗತ್ಯವೇ ಇಲ್ಲ. ಹಸಿವೆಯೇ ಪಾಠ ಹೇಳುತ್ತದೆ. ದೋಷ ಇದರಲ್ಲೂ ಇತ್ತು, ಸಣ್ಣದೂ ಅಲ್ಲ. ಬಂಡಿಯವನ ಕಣ್ಣಿನಿಂದಲೇ ಎಲ್ಲವನ್ನೂ ಕಂಡಿತು. ಬಂಡಿ ಹರಿದ ನೆಲ ಯಾರದೋ ಅವರ ಮಾತು ಕೇಳಿಸಲಿಲ್ಲ. 2021ರ ಹೊಸ ಆವೃತ್ತಿಯನ್ನು ತಯಾರಿಸುವಾಗ ಆ ನೆಲದ ಮೂಲನಿವಾಸಿಗಳಾದ ಇತಿಹಾಸಕಾರರನ್ನು ಕರೆದು ಕೇಳಿದರು. ಐವತ್ತು ವರ್ಷ ಹಿಡಿಯಿತು.

ಎತ್ತು, ಮೇವು, ನದಿ ಎಂದೊಡನೆ ಮತ್ತೆ ನಮ್ಮ ಊರೇ ನೆನಪಿಗೆ ಬರುತ್ತದೆ. 1799ರಲ್ಲಿ ಹ್ಯಾರಿಸನ ದಂಡಿನ ಸಾಮಾನು ಹೊತ್ತ ಸಾವಿರಾರು ಎತ್ತುಗಳು ದಾರಿಯಲ್ಲಿ ಮೇವಿಲ್ಲದೆ ಬಿದ್ದು ಸತ್ತವು. ಮಳವಳ್ಳಿಯ ಕದನದ ಅನಂತರ ಶ್ರೀರಂಗಪಟ್ಟಣಕ್ಕೆ ನೇರವಾದ ದಾರಿಯೇನೋ ಇತ್ತು. ಆದರೆ ಶತ್ರುವಿಗೆ ಸಿಕ್ಕದಿರಲೆಂದು ಆ ದಾರಿಯ ಮೇವನ್ನು ಟಿಪ್ಪುವಿನ ಕಡೆಯವರು ನಾಶಮಾಡಿದ್ದರು. ಹ್ಯಾರಿಸ್ ದಕ್ಷಿಣಕ್ಕೆ ತಿರುಗಿ ಸೋಸಲೆಯಲ್ಲಿ ಕಾವೇರಿಯನ್ನು ದಾಟಿದ. ಟಿಪ್ಪು ಅದನ್ನು ನಿರೀಕ್ಷಿಸಿರಲಿಲ್ಲ. ಮೇ 4ರಂದು ಕೋಟೆ ಬಿದ್ದಿತು.

ಕಳೆದ ಮಳೆಗಾಲದಲ್ಲಿ, ಚರಿತ್ರೆಯ ಮೇಷ್ಟ್ರು ರಜೆಯಲ್ಲಿದ್ದ ಒಂದು ಅವಧಿಯಲ್ಲಿ, ತರಗತಿಯ ನೆಲದ ಮೇಲೆ ಸೀಮೆಸುಣ್ಣದಿಂದ ಕಾವೇರಿಯನ್ನೆಳೆದೆವು. ಒಂದು ಮೂಲೆಗೆ ಮಳವಳ್ಳಿ, ಇನ್ನೊಂದಕ್ಕೆ ಶ್ರೀರಂಗಪಟ್ಟಣ, ಕೆಳಗೆ ಸೋಸಲೆಯ ಹಾಯಗಡ. ಹುಣಸೆಬೀಜ ಎತ್ತುಗಳು; ಮನೆಗೊಂದರಂತೆ ಇಟ್ಟ ರಾಗಿ ಹುಲ್ಲಿನ ಎಳೆ ಮೇವು. ಎತ್ತಿಗೆ ದಿನಕ್ಕೊಂದು ಎಳೆ ತಿನ್ನಿಸಬೇಕು, ಇಲ್ಲದಿದ್ದರೆ ಬೀಜವನ್ನು ತೆಗೆದಿಡಬೇಕು. ಟಿಪ್ಪುವಿನ ಕಡೆಯವರು ಯಾವ ದಾರಿಯ ಹುಲ್ಲನ್ನು ಬೇಕಾದರೂ ಸುಡಬಹುದು, ಆದರೆ ಒಂದು ಸರದಿಗೆ ಒಂದೇ ದಾರಿ. ಮೊದಲನೆಯ ಆಟದಲ್ಲಿ ಟಿಪ್ಪು ಗೆದ್ದ. ಸೋಸಲೆಯ ಕಡೆಯ ಹುಲ್ಲನ್ನು ಮೊದಲೇ ಸುಟ್ಟುಬಿಟ್ಟಿದ್ದರು. ಹೀಗಾಗಲಿಲ್ಲವಲ್ಲ ಎಂದೆ. ಯಾಕಾಗಲಿಲ್ಲ ಎಂದು ಹುಡುಗರು ನನ್ನನ್ನೇ ಹಿಡಿದುಕೊಂಡರು. ಆ ಸಂಜೆ ನಾನು ಪುಸ್ತಕ ಹುಡುಕಿಕೊಂಡು ಹೋಗಬೇಕಾಯಿತು.

ಎರಡನೆಯ ಆಟ ನಡುದಾರಿಯಲ್ಲೇ ನಿಂತಿತು. ಹಿಂದೆ ಕುಳಿತಿದ್ದ ಒಬ್ಬ ಹುಡುಗಿ ಎದ್ದು, “ಮೇಷ್ಟ್ರೆ, ಇವರು ಸುಡ್ತಾರೆ, ಅವರು ತಿನ್ನಿಸ್ತಾರೆ. ಹುಲ್ಲು ಯಾರ್ದು?” ಎಂದು ಕೇಳಿದಳು. ನಮ್ಮ ಆಟದಲ್ಲಿ ರೈತನಿಗೆ ಕಾಯಿ ಇಟ್ಟಿರಲಿಲ್ಲ. ಅವಳೇ ಹೊರಗೆ ಹೋಗಿ ಜಗಲಿಯ ಕೆಳಗಿನಿಂದ ಒಂದು ಹಸಿರು ಬಳೆಚೂರನ್ನು ಆರಿಸಿ ತಂದು, ಮಳವಳ್ಳಿಗೂ ಸೋಸಲೆಗೂ ನಡುವೆ, ಒಂದು ಹುಲ್ಲಿನ ಎಳೆಯ ಪಕ್ಕದಲ್ಲಿ ಇಟ್ಟಳು. ಅದು ಹೇಗೆ ನಡೆಯಬೇಕೆಂಬ ಚರ್ಚೆ ಮುಗಿಯುವ ಮೊದಲೇ ಗಂಟೆ ಹೊಡೆಯಿತು.