ಉಂಗುರ ಸಿಕ್ಕಿತು, ಹೆಸರು ಸಿಕ್ಕಿತೇ?

(ಸಂತ ಅಂತೋಣಿಯವರ ಹಬ್ಬದಂದು ನೀಡಿದ ಪ್ರಬೋಧನೆ)



ಇಂದು ಜೂನ್ 13, ಪಾದುವಾದ ಸಂತ ಅಂತೋಣಿಯವರ ಹಬ್ಬ. ಲಿಸ್ಬನ್ ನಗರದಲ್ಲಿ ಹುಟ್ಟಿದ ಇವರು 1231ರ ಇದೇ ದಿನ ಪಾದುವಾ ಪಟ್ಟಣದ ಬಳಿ ಪ್ರಭುವಿನಲ್ಲಿ ನಿದ್ರೆಹೋದರು. ವರ್ಷ ತುಂಬುವುದರೊಳಗೆ ಧರ್ಮಸಭೆ ಅವರನ್ನು ಸಂತರೆಂದು ಸಾರಿತು. 1946ರಲ್ಲಿ ಧರ್ಮಸಭೆಯ ಪಂಡಿತರೆಂಬ ಗೌರವವನ್ನೂ ಕೊಟ್ಟಿತು. ಆದರೆ ನಮ್ಮ ಜನ ಅವರನ್ನು ನೆನೆಯುವುದು ಪಾಂಡಿತ್ಯಕ್ಕಾಗಿ ಅಲ್ಲ. ಬೀಗದಕೈ ಕಾಣದಿದ್ದರೆ, ಓಲೆಯ ತಿರುಪು ಬಿದ್ದುಹೋದರೆ, ಮೇಯಲು ಹೋದ ಹಸು ಸಂಜೆಗೆ ಮನೆ ಸೇರದಿದ್ದರೆ ಮೊದಲು ಬಾಯಿಗೆ ಬರುವ ಹೆಸರು ಅಂತೋಣಿಯವರದು. ನಮ್ಮ ಡೋರ್ನಹಳ್ಳಿಯ ಪುಣ್ಯಕ್ಷೇತ್ರದ ಕಥೆಯೂ ಹಾಗೆಯೇ ಅಲ್ಲವೇ? ಹೊಲ ಉಳುತ್ತಿದ್ದ ರೈತನಿಗೆ ಮಣ್ಣಿನಲ್ಲಿ ಅವರ ಸ್ವರೂಪ ಸಿಕ್ಕಿತೆಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ.

ಈ ಒಂಬತ್ತು ದಿನಗಳ ನವೇನದಲ್ಲಿ ಪೆಟ್ಟಿಗೆಗೆ ಬೀಳುವ ಬೇಡಿಕೆ ಚೀಟಿಗಳಲ್ಲಿ ಕಳೆದುಹೋದ ಉಂಗುರದ ಮಾತು ಇರುವುದು ಹೊಸದೇನಲ್ಲ. ಹಿಂದೆ ನಮ್ಮ ಮನೆಗಳಲ್ಲಿ ನಿಶ್ಚಿತಾರ್ಥಕ್ಕೆ ಸಾದಾ ಚಿನ್ನದ ಉಂಗುರ ಹಾಕುತ್ತಿದ್ದರು. ಈಗ ಹಲವು ಕುಟುಂಬಗಳಲ್ಲಿ ವಜ್ರದ ಹರಳು ಬಂದಿದೆ. ಹುಡುಗ ತಿಂಗಳುಗಟ್ಟಲೆ ಕಂತು ಕಟ್ಟಿ ತಂದಿರುತ್ತಾನೆ. ಸಾಲ ಮಾಡಿ ತರಬೇಕೇ ಎಂದು ಕೇಳಿದರೆ ಬೇಡ ಎಂದೇ ಹೇಳುವವನು ನಾನು. ಆದರೆ ತಂದಾದ ಮೇಲೆ ಅದನ್ನು ಜೋಪಾನ ಮಾಡುವುದು ಕರ್ತವ್ಯ.

ವಜ್ರ ಎಲ್ಲಕ್ಕಿಂತ ಗಟ್ಟಿ, ಅದಕ್ಕೇನಾಗುತ್ತದೆ ಎಂದು ಕೆಲವರು ಕೇಳುತ್ತಾರೆ. ಗೀರು ಬೀಳದು, ನಿಜ. ಆದರೆ ಒಂದು ಕೋನದಲ್ಲಿ ಪೆಟ್ಟು ಬಿದ್ದರೆ ಅಂಚು ಚಕ್ಕೆ ಏಳುತ್ತದೆ. ಒರಳಿಗೋ ಬಟ್ಟೆ ಒಗೆಯುವ ಕಲ್ಲಿಗೋ ಬಡಿದರೆ ಸಾಕು. ಅದಕ್ಕಿಂತ ಮುಖ್ಯವಾದದ್ದು, ಹರಳು ತನ್ನಷ್ಟಕ್ಕೆ ನಿಂತಿಲ್ಲ. ಅದನ್ನು ಹಿಡಿದಿರುವುದು ಚಿನ್ನದ ನಾಲ್ಕೋ ಆರೋ ಪುಟ್ಟ ಉಗುರುಗಳು. 22 ಕ್ಯಾರೆಟ್ ಚಿನ್ನ ಮೆತ್ತಗೆ ಎಂದು ವಜ್ರಕ್ಕೆ ಸಾಮಾನ್ಯವಾಗಿ 18 ಕ್ಯಾರೆಟ್ ಬಳಸುತ್ತಾರೆ. ಅದೂ ಸವೆಯುತ್ತದೆ. ಹಿಟ್ಟು ನಾದುವಾಗ, ಮುದ್ದೆ ಕಟ್ಟುವಾಗ, ಪಾತ್ರೆ ತಿಕ್ಕುವಾಗ ಆ ಉಗುರುಗಳ ಕೆಳಗೆ ಹಿಟ್ಟು ಸೇರುತ್ತದೆ. ಸೀರೆಯ ನೂಲು ಸಿಕ್ಕಿಕೊಂಡು ಎಳೆಯುತ್ತದೆ. ಬಟ್ಟೆ ಬಿಳುಪು ಮಾಡುವ ಬ್ಲೀಚಿಂಗ್ ನೀರು ಚಿನ್ನದಲ್ಲಿ ಬೆರೆತ ಲೋಹವನ್ನು ಕೆಡಿಸುತ್ತದೆ. ಎಣ್ಣೆಯಂತೂ ವಜ್ರಕ್ಕೆ ಅಂಟಿಕೊಳ್ಳುವ ನೆಂಟ. ಒಗ್ಗರಣೆ ಹಾಕುವ ಕೈಯಲ್ಲಿ ಹರಳು ಮಂಕಾಗುವುದು ಅದಕ್ಕೇ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನ ಎರಡು ಹನಿ, ಮಕ್ಕಳ ಮೆತ್ತನೆಯ ಬ್ರಷ್ಷು ಇದ್ದರೆ ಸಾಕು. ಆದರೆ ಬಟ್ಟಲಿನಲ್ಲಿ ತೊಳೆಯಿರಿ, ಸಿಂಕಿನ ಬಾಯಿಯ ಮೇಲೆ ಹಿಡಿದು ಬೇಡ. ಕಿವಿಯ ಹತ್ತಿರ ಹಿಡಿದು ಅಲುಗಿಸಿದಾಗ ಹರಳು ಸದ್ದು ಮಾಡಿದರೆ ಅಂದೇ ಬಿಚ್ಚಿಟ್ಟು ಅಕ್ಕಸಾಲಿಗರ ಬಳಿ ಒಯ್ಯಿರಿ. ಸಡಿಲವಾದ ಉಂಗುರಕ್ಕೆ ದಾರ ಸುತ್ತಿಕೊಂಡು ವರ್ಷಗಟ್ಟಲೆ ಕಳೆಯುವ ಅಮ್ಮಂದಿರೇ, ದಾರ ನೆನೆದು ಜಾರುತ್ತದೆ, ಚಳಿಗಾಲದಲ್ಲಿ ಬೆರಳೂ ಸಣ್ಣಗಾಗುತ್ತದೆ. ಅಳತೆ ಸರಿಮಾಡಿಸಿ.

ಉಂಗುರ ಹೆಚ್ಚಾಗಿ ಕಳೆಯುವುದು ಕಳ್ಳರಿಂದಲ್ಲ, ಒಂದು ನಿಮಿಷಕ್ಕೆಂದು ಬಿಚ್ಚಿಡುವುದರಿಂದ. ಸಿಂಕಿನ ಕಟ್ಟೆ, ಬಾವಿಯ ಕಟ್ಟೆ, ಬಚ್ಚಲಿನ ಸೋಪಿನ ತಟ್ಟೆ, ರವಿಕೆಯ ತುದಿ, ಸೆರಗಿನ ಗಂಟು. ಪಾತಾಳಗರಡಿ ಇಳಿಸಿ ಬಿದ್ದ ಕೊಡ ಎತ್ತಬಹುದು, ಉಂಗುರ ಎತ್ತಲಾಗದು. ಕಾಗದದಲ್ಲಿ ಸುತ್ತಿಟ್ಟರೆ ಅದು ಕಸದ ಜೊತೆ ಹೋಗುತ್ತದೆ. ಆದ್ದರಿಂದ ಮನೆಯಲ್ಲಿ ಒಂದೇ ಜಾಗ ಗೊತ್ತುಮಾಡಿ: ನೀರಿನಿಂದ ದೂರ, ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿ ಒಂದು ಮುಚ್ಚಳದ ಡಬ್ಬಿ. ಬೇರೆ ಒಡವೆಗಳ ಜೊತೆ ಹಾಕಬೇಡಿ, ವಜ್ರ ಅವುಗಳನ್ನೆಲ್ಲ ಗೀರುತ್ತದೆ. ರಸೀದಿ, ಪ್ರಮಾಣಪತ್ರ, ಒಂದು ಫೋಟೋ ಬೇರೆ ಕಡೆ ಇರಲಿ. ಸಿಂಕಿನೊಳಗೆ ಬಿತ್ತೋ, ನಲ್ಲಿ ತಕ್ಷಣ ನಿಲ್ಲಿಸಿ, ಕೆಳಗಿನ ಬಾಗಿದ ಕೊಳವೆಗೆ ಬಕೆಟ್ ಇಟ್ಟು ಬಿಚ್ಚಿಸಿ. ಭಾರವಾದ ವಸ್ತು ಅನೇಕ ವೇಳೆ ಆ ಬಾಗಿನಲ್ಲೇ ಕೂತಿರುತ್ತದೆ.

ಹಾಗೆಂದು ಜೋಪಾನವೇ ಭಯವಾಗಬಾರದು. ಇಟಲಿಯ ಪೆರೂಜಾ ಪ್ರಧಾನಾಲಯದಲ್ಲಿ ಒಂದು ಉಂಗುರವಿದೆ. ಸಂತ ಜೋಸೆಫರು ಮಾತೆ ಮರಿಯಮ್ಮನವರಿಗೆ ತೊಡಿಸಿದ್ದೆಂದು ಅಲ್ಲಿನ ಭಕ್ತರ ಪರಂಪರೆ. ವಜ್ರವೇನಲ್ಲ, ಸಾಧಾರಣ ಕಲ್ಲಿನದು. 1473ರಲ್ಲಿ ಒಬ್ಬ ಸನ್ಯಾಸಿ ಅದನ್ನು ಕ್ಯೂಸಿ ಪಟ್ಟಣದಿಂದ ಕದ್ದು ತಂದ. ಅಂದಿನಿಂದ ಪೆರೂಜಾದವರು ಅದಕ್ಕೆ ಹಲವು ಬೀಗಗಳ ಪೆಟ್ಟಿಗೆ ಮಾಡಿಸಿ, ಕೀಲಿಗಳನ್ನು ಬೇರೆ ಬೇರೆಯವರ ಕೈಗೆ ಕೊಟ್ಟರು. ಪವಿತ್ರ ಅವಶೇಷಕ್ಕೆ ಅದು ತಕ್ಕದ್ದೇ. ನಿಮ್ಮ ಉಂಗುರ ಮಾತ್ರ ಬೆರಳಿಗಾಗಿ ಮಾಡಿದ್ದು. ಬ್ಯಾಂಕಿನ ಲಾಕರಿನಲ್ಲಿ ಇಪ್ಪತ್ತು ವರ್ಷ ಇದ್ದರೆ ಕಳೆಯುವುದಿಲ್ಲ, ನಿಜ, ತೊಟ್ಟಂತೆಯೂ ಆಗುವುದಿಲ್ಲ.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ. ಉಂಗುರ ಕಾಣದ ಮೊದಲ ಗಂಟೆಯಲ್ಲಿ ಮನೆಯೊಳಗೆ ಏನು ನಡೆಯುತ್ತದೆ? ಹಾಸಿಗೆ ಕೊಡವುತ್ತೇವೆ, ಡಬ್ಬ ಸುರಿಯುತ್ತೇವೆ. ಎರಡನೆಯ ಗಂಟೆಗೆ ಯಾರೋ ದನಿ ತಗ್ಗಿಸಿ ಕೇಳುತ್ತಾರೆ, “ಬೆಳಿಗ್ಗೆ ಕೆಲಸಕ್ಕೆ ಯಾರು ಬಂದಿದ್ದರು?” ಅಷ್ಟೇ. ಪಾತ್ರೆ ತಿಕ್ಕುವ ತಾಯಿಯ ಚೀಲ ಜಾಲಾಡಿಸುತ್ತೇವೆ. ಅಥವಾ ಹೊಸದಾಗಿ ಬಂದ ಸೊಸೆಯ ತಮ್ಮ ನಿನ್ನೆ ಬಂದಿದ್ದ ಎಂಬುದು ನೆನಪಾಗುತ್ತದೆ. ವಾರ ಕಳೆದು ಉಂಗುರ ಅಕ್ಕಿ ಮೂಟೆಯಲ್ಲೋ ಕೊಳವೆಯ ಬಾಗಿನಲ್ಲೋ ಸಿಗುತ್ತದೆ. ಆಗ ಹರಕೆಯ ಮೇಣದಬತ್ತಿ ಹಚ್ಚುತ್ತೇವೆ. ಆ ತಾಯಿ ಅಷ್ಟರಲ್ಲಿ ಇನ್ನೂ ಎರಡು ಮನೆಗಳ ಕೆಲಸ ಕಳೆದುಕೊಂಡಿರುತ್ತಾಳೆ, ಏಕೆಂದರೆ ಬೀದಿಯಲ್ಲಿ ಮಾತು ಹಬ್ಬಿದೆ.

ಕದಿಯಬಾರದೆಂಬ ಆಜ್ಞೆಯ ಬೆನ್ನಲ್ಲೇ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯೂ ಇದೆ. ಕದ್ದ ವಸ್ತುವನ್ನು ಹಿಂದಿರುಗಿಸಬೇಕಾದಂತೆ, ಕಿತ್ತುಕೊಂಡ ಒಳ್ಳೆಯ ಹೆಸರನ್ನೂ ಹಿಂದಿರುಗಿಸಬೇಕೆಂದು ಧರ್ಮಸಭೆ ಕಲಿಸುತ್ತದೆ. ಪಾಪನಿವೇದನೆ ಮಾಡಿದರೂ ಆ ಸಾಲ ತೀರದೆ ಉಳಿಯುತ್ತದೆ.

ಅಂತೋಣಿಯವರ ಕಥೆ ನೆನಪಿಸಿಕೊಳ್ಳಿ. ಅವರಿಗೆ ಅತಿ ಪ್ರಿಯವಾಗಿದ್ದ ಕೀರ್ತನೆಗಳ ಗ್ರಂಥ, ಅಂಚಿನಲ್ಲಿ ತಮ್ಮ ಕೈಯಾರೆ ಟಿಪ್ಪಣಿ ಬರೆದದ್ದು, ಒಮ್ಮೆ ಕಾಣೆಯಾಯಿತು. ಅಚ್ಚು ಯಂತ್ರವಿಲ್ಲದ ಕಾಲ. ಒಂದು ಗ್ರಂಥವೆಂದರೆ ಇಂದಿನ ವಜ್ರಕ್ಕಿಂತ ಕಡಿಮೆಯದಲ್ಲ. ಮಠ ಬಿಟ್ಟು ಓಡಿದ ಒಬ್ಬ ಎಳೆಯ ಅಭ್ಯರ್ಥಿ ಅದನ್ನು ಒಯ್ದಿದ್ದನಂತೆ. ಅಂತೋಣಿಯವರು ಮಾಡಿದ್ದು ಪ್ರಾರ್ಥನೆ. ಗ್ರಂಥ ಮರಳಿತು, ಹುಡುಗನೂ ಮರಳಿದ. ಅಲ್ಲಿ ಕಳ್ಳ ನಿಜವಾಗಿಯೂ ಇದ್ದ; ಆದರೂ ಸಂತರು ಅವನ ಹೆಸರನ್ನು ಬೀದಿಗೆ ಎಳೆಯಲಿಲ್ಲ. ನಮ್ಮಲ್ಲಿ ಅನೇಕ ವೇಳೆ ಕಳ್ಳನೇ ಇರುವುದಿಲ್ಲ, ಹೆಸರು ಮಾತ್ರ ಬೀದಿಗೆ ಬಂದಿರುತ್ತದೆ.

ಲೂಕನ ಶುಭಸಂದೇಶದಲ್ಲಿ ಯೇಸುಸ್ವಾಮಿ ಹೇಳಿದ ಹೆಂಗಸಿನ ಬಳಿ ಹತ್ತು ನಾಣ್ಯಗಳಿದ್ದವು, ಒಂದು ಕಳೆಯಿತು. ಅವಳು ದೀಪ ಹಚ್ಚಿದಳು, ತನ್ನ ಮನೆಯನ್ನೇ ಗುಡಿಸಿದಳು, ಸಿಗುವ ತನಕ ಹುಡುಕಿದಳು. ನೆರೆಹೊರೆಯವರನ್ನು ಕರೆದದ್ದು ಯಾವಾಗ? ಸಿಕ್ಕಿದ ಮೇಲೆ, ಸಂತೋಷಪಡುವುದಕ್ಕೆ. ನಾವು ಕಳೆದ ತಕ್ಷಣ ಕರೆಯುತ್ತೇವೆ. ಸಿಕ್ಕಿದ ಮೇಲೆ ಸುಮ್ಮನಾಗುತ್ತೇವೆ.

ಹಬ್ಬದ ಊಟಕ್ಕೆ ಇಂದು ಬಂಧುಬಳಗವೆಲ್ಲ ಸೇರುತ್ತದೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಸಿಕ್ಕಿದ ಉಂಗುರವೊಂದಿದ್ದು, ಅದರ ಲೆಕ್ಕದಲ್ಲಿ ದೂರವಾದ ಒಬ್ಬ ತಾಯಿ ಇದ್ದರೆ, ಊಟಕ್ಕೆ ಕೂರುವ ಮೊದಲು ಅವರ ಮನೆಗೆ ಹೋಗಿ ಬನ್ನಿ. ಸಂತ ಅಂತೋಣಿಯವರ ರೊಟ್ಟಿ ಒಯ್ದರೆ ಒಳ್ಳೆಯದೇ, ಆದರೆ ಅದನ್ನು ಕೊಟ್ಟು ಬಾಗಿಲಲ್ಲೇ ತಿರುಗಬೇಡಿ. “ಅಮ್ಮ, ಉಂಗುರ ನಮ್ಮ ಮನೆಯಲ್ಲೇ ಇತ್ತು, ತಪ್ಪು ನಮ್ಮದು” ಎಂದು ಅಕ್ಕಪಕ್ಕದ ಮನೆಯವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿ.